ದೇವರ ಮುಂದಿನ ಕಾಗದ

ಆಷಾಢದ ಗಾಳಿ ಆ ಬುಧವಾರ ಬೆಳಕು ಹರಿಯುವ ಮೊದಲೇ ಎದ್ದಿತ್ತು. ಮಳೆಯ ಸುಳಿವಿರಲಿಲ್ಲ. ಸೂಳೆಕೆರೆಯ ಕಡೆಯಿಂದ ಬಂದ ಮೋಡಗಳು, ಬಾಗಿಲು ಹಾಕಿದ ನೆಂಟರ ಮನೆ ಕಂಡವರ ಹಾಗೆ, ಸಂತೇಬೆನ್ನೂರಿನ ಮೇಲೆ ಒಂದು ಗಳಿಗೆಯೂ ನಿಲ್ಲದೆ ಮುಂದಕ್ಕೆ ಹೋಗುತ್ತಿದ್ದವು. ನಿರ್ಮಲಮ್ಮ ದೇವರ ಕೋಣೆಯಲ್ಲಿ ಮೂರನೆಯ ಸಲ ದೀಪ ಹಚ್ಚಿದಳು. ಗವಾಕ್ಷಿಯಿಂದ ನುಗ್ಗಿದ ಗಾಳಿ ದೀಪವನ್ನು ಬಿಟ್ಟು ಈ ಸಲ ಜಗುಲಿಯ ಮೇಲಿನ ನೀಲಿ ಫೈಲನ್ನು ಹಿಡಿಯಿತು. ವಿಭೂತಿ ಕರಡಿಗೆಯ ಭಾರಕ್ಕೆ ಸಿಕ್ಕಿಕೊಂಡಿದ್ದ ಆ ಪ್ಲಾಸ್ಟಿಕ್ ಮುಚ್ಚಳ ಪಟಪಟ ಬಡಿದುಕೊಳ್ಳತೊಡಗಿತು.

ಜಗುಲಿಯ ಮೇಲೆ ಕೊಟ್ಟೂರು ಬಸವೇಶ್ವರನ ಪಟವಿತ್ತು, ವೀರಭದ್ರನ ಬೆಳ್ಳಿಯ ಮುಖವಾಡವಿತ್ತು, ಅತ್ತೆಯ ಕಾಲದ ಹಿತ್ತಾಳೆ ನಂದಿಯಿತ್ತು. ಇವರ ನಡುವೆ ಸೋಮವಾರದಿಂದ ಈ ಫೈಲು. ಗಂಡ ಕೊಟ್ರಬಸಪ್ಪ ಅದನ್ನು ತಂದಿಟ್ಟ ದಿನದಿಂದ ನಿರ್ಮಲಮ್ಮನಿಗೆ ಪೂಜೆಯಲ್ಲಿ ಮನಸ್ಸು ನಿಂತಿರಲಿಲ್ಲ. ಕಣ್ಣು ಮುಚ್ಚಿದರೂ ನೀಲಿ. ದೇವರೇನು ಇವರ ಮಂಡಿಯ ಗುಮಾಸ್ತನೇ, ಕಾಗದ ಕಾಯಲು? ಮೂವತ್ನಾಲ್ಕು ವರ್ಷದಲ್ಲಿ ವರ್ಷಕ್ಕೆರಡು ಸಲ ಹಬ್ಬಕ್ಕೆಂದು ಈ ಕೋಣೆಯೊಳಗೆ ತಲೆ ಹಾಕಿದ ಮನುಷ್ಯ, ಒಂದು ಹೆಣ್ಣುಮಗಳ ಬದುಕನ್ನು ಕಟ್ಟಿಹಾಕಬೇಕಾದಾಗ ಮಾತ್ರ ಸೀದಾ ದೇವರ ಬಳಿಗೆ ಬಂದಿದ್ದ.

ಆ ಹೆಣ್ಣುಮಗಳು ಮಾಲಾ. ಸುಗ್ಗಿಯಲ್ಲಿ ಇವರ ಮಂಡಿಗೆ ಅಡಿಕೆ ಸುಲಿಯಲು ಬರುವ ಉಡಚಮ್ಮನ ಮಗಳು. ಹೈಸ್ಕೂಲಿನಲ್ಲಿ ಪರಶುರಾಮ್ ಮೇಷ್ಟ್ರು ಅವಳಿಗೆ ಕಬಡ್ಡಿ ಕಲಿಸಿದ್ದರು. ಮೇಷ್ಟ್ರಿಗೆ ಜಗಳೂರಿಗೆ ವರ್ಗವಾದ ಮೇಲೆ, ಅವರು ಕಟ್ಟಿದ ಹುಡುಗಿಯರ ತಂಡ ಬೇವಾರಸಿ ಆಸ್ತಿಯ ಹಾಗೆ ಕೊಟ್ರಬಸಪ್ಪನ ಕಬಡ್ಡಿ ಬಳಗದ ಕೈಗೆ ಬಿತ್ತು. ಬಳಗದ ಗಂಡಸರ ತಂಡ ಹೋದಲ್ಲೆಲ್ಲ ಮೊದಲ ಸುತ್ತಿನಲ್ಲೇ ಸೋತು, ಊಟ ಮಾತ್ರ ಎರಡು ಸುತ್ತು ಮಾಡಿ ಬರುತ್ತಿತ್ತು. ಹುಡುಗಿಯರು ಹೊನ್ನಾಳಿಯಲ್ಲಿ ಕಪ್ಪು ಗೆದ್ದರು. ನ್ಯಾಮತಿಯಲ್ಲಿ ಟಗರು ಗೆದ್ದರು. ಕಪ್ಪು ಮಂಡಿಯ ಗಾಜಿನ ಕಪಾಟು ಸೇರಿತು. ಟಗರು ಲಿಂಗವಂತರ ಹಿತ್ತಲಿನಲ್ಲಿ ಮೂರು ದಿನ ಸೊಪ್ಪು ಮೇಯ್ದು ನಾಲ್ಕನೆಯ ದಿನ ಸಂತೆಗೆ ಹೋಯಿತು. ಆ ದುಡ್ಡಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಹನ್ನೊಂದು ಜನ ಗಂಡಸರು ಕೈಮುಗಿದು ನಿಂತಿದ್ದರು. ಮಾಲಾ ಒಂದು ಮೂಲೆಯಲ್ಲಿ ಅಂಚೆ ಚೀಟಿಯಷ್ಟಿದ್ದಳು.

ಈಗ ಪುಣೆಯ ಕಡೆಯ ಒಂದು ತಂಡ ಅವಳನ್ನು ಕರೆದಿತ್ತು. ಹೆಂಗಸರ ಕಬಡ್ಡಿ ಲೀಗು, ಎರಡು ವರ್ಷದ ಒಪ್ಪಂದ. ಶನಿವಾರ ಅಲ್ಲಿ ಸಹಿ ಹಾಕಬೇಕು. ಜೊತೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಟದ ಸರ್ಟಿಫಿಕೇಟುಗಳ ಅಸಲು, ಮತ್ತು ಇವಳನ್ನು ಬಿಟ್ಟುಕೊಡಲು ನಮ್ಮ ಆಕ್ಷೇಪಣೆ ಇಲ್ಲ ಎಂದು ಹಳೆಯ ತಂಡ ಬರೆದುಕೊಟ್ಟ ಪತ್ರ ಬೇಕು. ಅಸಲು ಕಾಗದಗಳೆಲ್ಲ ಇದ್ದದ್ದು ಬಳಗದ ಹತ್ತಿರವೇ. "ನಿಮ್ಮ ಗುಡಿಸಲಿನಾಗೆ ಇಲಿ ತಿಂತಾವೆ, ನಮ್ಮನೇಲಿ ಭದ್ರವಾಗಿರ್ತಾವೆ" ಎಂದು ಕೊಟ್ರಬಸಪ್ಪ ಹಿಂದೆಯೇ ಇಸಿದುಕೊಂಡಿದ್ದ. ಉಡಚಮ್ಮನ ಮನೆ ಆರ್‌ಸಿಸಿಯದಾಗಿ ಆರು ವರ್ಷವಾಗಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಆ ಓಣಿಗೆ ಅವನು ಹೋಗಿದ್ದರೆ ತಾನೇ.

ಪತ್ರ ಕೊಟ್ಟು ಕಳಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾನುವಾರ ಇವರ ನಡುಮನೆಯಲ್ಲೇ ನಡೆದ ಬಳಗದ ಸಭೆಯಲ್ಲಿ ಜಪಾನ್ ಬಂತು.

ತಂದವನು ವಿನಯ್ ಕುಮಾರ್, ಕೊಟ್ರಬಸಪ್ಪನ ಅಕ್ಕನ ಮಗ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಬಳಗದ ಕಾರ್ಯದರ್ಶಿಯೂ ಆಗಿದ್ದವನು.

"ಮಾವ, ಇಲ್ನೋಡಿ," ಎಂದು ಮೊಬೈಲು ಚಾಚಿದ. "ಜಪಾನ್‌ನಾಗೆ ಬೇಸ್‌ಬಾಲ್ ಅಂತ ಆಟ ಐತೆ. ಅಲ್ಲಿ ಯಾವನಾದ್ರೂ ಜೋರಾಗಿ ಚೆಂಡು ಒಗೀತಾನೆ ಅಂದ್ರೆ ಅಮೆರಿಕದೋರು ಬಂದು ಕರ್ಕೊಂಡು ಹೋಗ್ತಾರೆ."

"ಹೋಗ್ಲಿ ಬಿಡೋ. ನಮಗೇನು?"

"ಸುಮ್ನೆ ಕಳಿಸಲ್ಲ ಮಾವ. ಅವನಿಗೆ ಕೊಡೋದು ಬೇರೆ. ಬಿಟ್ಟುಕೊಟ್ಟಿದ್ದಕ್ಕೆ ಅಂತ ಅವನ ಹಳೇ ತಂಡಕ್ಕೆ ಬೇರೆ ದುಡ್ಡು ಕೊಡಬೇಕು. ಕೋಟಿಗಟ್ಟಲೆ. ರೂಲ್ಸೇ ಐತೆ."

ಕೊಟ್ರಬಸಪ್ಪನ ಬಾಯಲ್ಲಿ ಎಲೆಅಡಿಕೆ ನಿಂತಿತು. "ಅದೆಂಥ ಆಟಾನೋ? ಕ್ರಿಕೆಟ್ಟೇನು?"

"ಹಂಗೇ ಅನ್ಕಳಿ. ಬ್ಯಾಟು ಮಾತ್ರ ಗುಂಡಗೆ ಇರ್ತೈತೆ, ಒನಕೆ ತರ."

"ಒನಕೆ ಬೀಸೋ ಆಟಕ್ಕೇ ಕೋಟಿ ಕೊಡ್ತಾರೆ ಅಂದ್ರೆ," ಎಂದು ರುದ್ರಮುನಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಸೊಸೈಟಿಯಲ್ಲಿ ನಿವೃತ್ತನಾದವನು, ಬಳಗದ ಉಪಾಧ್ಯಕ್ಷ. ಎರಡು ಜನ ಸೇರಿದರೂ ಅವನಿಗೆ ಮೈಕು ಕಾಣುತ್ತಿತ್ತು. "ಕಬಡ್ಡಿ ನಮ್ಮ ಮಣ್ಣಿನ ಆಟ ಕಣ್ರಪ್ಪ. ಈ ಮಣ್ಣಿಗೆ ಒಂದು ಬೆಲೆ ಇಲ್ವೇನು? ಪುಣೆಯೋರು ನಮ್ಮ ಮಣ್ಣನ್ನ ಪುಗಸಟ್ಟೆ ಹೊತ್ಕೊಂಡು ಹೋಗ್ಬೇಕಾ?"

ಮಣ್ಣು ಎಂದಾಗ ಅವನ ಕಣ್ಣು ತೇವವಾದದ್ದನ್ನು ನಿರ್ಮಲಮ್ಮ ನೋಡಿದಳು. ಅವನ ಬಿಳಿ ಪಂಚೆಗೆ ಯಾವತ್ತಾದರೂ ಮೈದಾನದ ಧೂಳು ತಾಗಿದ್ದುಂಟೋ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಟೀ ಲೋಟಗಳನ್ನು ಎತ್ತಿಕೊಳ್ಳುತ್ತ, ಗೋಡೆಗೆ ಹೇಳುವವಳ ಹಾಗೆ ಕೇಳಿದಳು:

"ವಿನಯಾ, ಆ ಜಪಾನಿನ ತಂಡದೋರು ಆ ಹುಡುಗನಿಗೆ ಮೊದಲು ಏನಾದ್ರೂ ಕೊಡ್ತಿದ್ರೇನಪ್ಪ?"

"ಕೊಡದೇ ಇರ್ತಾರಾ ಅತ್ತೆ? ಸಂಬಳ ಐತೆ, ಊಟ ಐತೆ, ಡಾಕ್ಟರ್ ಐತೆ. ಅಲ್ಲಿ ಎಲ್ಲಾ ಬರೋಬ್ಬರಿ."

"ನಾವು ಮಾಲಾಗೆ ಏನು ಕೊಟ್ವಿ?"

ಕೊನೆಗೆ ವಿನಯ್ ಕುಮಾರನಿಗೆ ಹೊಳೆಯಿತು. "ಬನಿಯನ್ನು ಕೊಟ್ವಲ್ಲ ಅತ್ತೆ!"

ಹೌದು, ಬನಿಯನ್ನು ಕೊಟ್ಟಿದ್ದರು. ಎದೆಯ ಮೇಲೆ ಕೊಟ್ರಬಸಪ್ಪನ ಮಂಡಿಯ ಹೆಸರು, ಫೋನ್ ನಂಬರಿನ ಸಮೇತ. ನಿರ್ಮಲಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ವಿನಯ್ ಕುಮಾರ್ ಪುಣೆಗೆ ಫೋನು ಹಚ್ಚಿ, ಬಂದಷ್ಟು ಹಿಂದಿಯಲ್ಲಿ ಜಪಾನಿನ ಪದ್ಧತಿಯನ್ನು ವಿವರಿಸಿದ್ದ. ಆ ಕಡೆಯ ಹೆಣ್ಣುಮಗಳು ಮೊದಲು ನಕ್ಕಳು. ನೀವು ಅವಳಿಗೆ ಏನಾಗಬೇಕು ಎಂದು ಕೇಳಿದಳು. ಶನಿವಾರ ಹತ್ತು ಗಂಟೆಗೆ ಕಾಗದ ಬರದಿದ್ದರೆ ಪಟ್ಟಿಯಲ್ಲಿ ಮುಂದಿನ ಹುಡುಗಿ ಇದ್ದಾಳೆ ಎಂದು ಇಟ್ಟುಬಿಟ್ಟಳು. ವಿನಯ್ ಕುಮಾರ್ ಮೊಬೈಲನ್ನು ಜೇಬಿಗಿಳಿಸಿ ತೀರ್ಪು ಕೊಟ್ಟ: "ಚೌಕಾಸಿ ಶುರು ಮಾಡ್ಯಾರೆ ಮಾವ. ಹಿಡಿದು ಕುಂತ್ಕಳಿ."

ಕೊಟ್ರಬಸಪ್ಪ ಹಿಡಿದು ಕುಂತ. ಹಿಡಿದದ್ದನ್ನು ಇಡಲು ಅವನಿಗೆ ದೇವರ ಜಗುಲಿ ಸಿಕ್ಕಿತು. "ಕೇಳಾಕೆ ಬಂದ್ರೆ ದೇವರ ಮುಂದೆ ಐತೆ ಅಂತೀನಿ," ಎಂದಿದ್ದ ಹೆಂಡತಿಗೆ. "ದೇವರ ಮುಂದಿಂದು ಕೇಳೋ ಧೈರ್ಯ ಆ ಜನಕ್ಕೆ ಎಲ್ಲೈತೆ?"

ಈ ಬುಧವಾರ ಪೂಜೆ ಅರ್ಧವಾಗಿತ್ತು. ಹೊರಗೆ ಗೇಟಿನ ಸದ್ದಾಯಿತು.

ನಿರ್ಮಲಮ್ಮ ನಡುಮನೆಗೆ ಬಂದಾಗ ಮೂವರೂ ಆಗಲೇ ಕುರ್ಚಿ ಹಿಡಿದಿದ್ದರು. ಪುಣೆಯಿಂದ ಫೋನು ಬರುತ್ತದೆ ಎಂದು ಮೂರು ದಿನದಿಂದ ಬೆಳಗಾದರೆ ಇಲ್ಲಿ ಸೇರುತ್ತಿದ್ದರು, ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡಸರ ಹಾಗೆ. ಬಾಗಿಲ ಆಚೆ, ಕಾಂಪೌಂಡಿನೊಳಗೆ ಉಡಚಮ್ಮ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಅವಳ ಹಿಂದೆ ಮಾಲಾ, ಟ್ರ್ಯಾಕ್ ಪ್ಯಾಂಟಿನಲ್ಲಿ, ಒಂದು ಕಾಲು ಮುಂದಿಟ್ಟು, ಗೆರೆ ದಾಟುವ ಮೊದಲು ನಿಲ್ಲುವ ಹಾಗೆ.

"ನಾಳೆ ರಾತ್ರಿ ದಾವಣಗೆರೇಲಿ ರೈಲು ಐತ್ರಿ ಯಜಮಾನ್ರೆ," ಎಂದಳು ಉಡಚಮ್ಮ. "ಕಾಗದ ಕೊಟ್ಟುಬಿಡ್ರಿ."

"ಹೇಳಿದ್ನಲ್ಲ ಉಡಚವ್ವ. ದೇವರ ಮುಂದೆ ಇಟ್ಟೀನಿ. ನಾನೇ ಮುಟ್ಟಂಗಿಲ್ಲ."

"ದೇವರು ಕೇಳಿದ್ನೇನ್ರಿ?"

"ಏನು?"

"ಕಾಗದ. ದೇವರೇನು ಕಬಡ್ಡಿ ಆಡಾಕೆ ಹೋಗ್ತಾನೇನ್ರಿ ಪುಣೆಗೆ?"

ರುದ್ರಮುನಿಗೆ ನಗು ಬಂತು. ನಕ್ಕರೆ ಯಾರ ಕಡೆಯವನಾಗುತ್ತೇನೋ ಎಂದು ಕೆಮ್ಮಿದ.

"ಬಾಯಿ ಭದ್ರ," ಎಂದ ಕೊಟ್ರಬಸಪ್ಪ. "ನಿನ್ನ ಮಗಳಿಗೂ ಒಳ್ಳೇದೇ ಮಾಡ್ತಿರೋದು. ಆ ಪುಣೆಯೋರು ಮೋಸಗಾರರು ಇದ್ರೆ? ನಿನಗೆ ವ್ಯವಹಾರ ಗೊತ್ತಾಗಲ್ಲ. ಜಪಾನ್‌ನಾಗೂ ಹಿಂಗೇ ಐತೆ. ಇಷ್ಟು ವರ್ಷ ಅವಳನ್ನ ಬೆಳೆಸಿದ್ದು ಯಾರು?"

"ನಾನು ಅಂತ ಅನ್ಕಂಡಿದ್ದೆ ಯಜಮಾನ್ರೆ," ಎಂದಳು ಉಡಚಮ್ಮ. "ಸಿಜೇರಿನ್ ಗುರುತೂ ಐತೆ ಹೊಟ್ಟೆ ಮ್ಯಾಲೆ. ಜಪಾನಿನೋರು ಯಾರೂ ಬಂದಿರಲಿಲ್ಲ. ನನ್ನ ಮಗಳೇನು ನಿಮ್ಮ ಮಂಡಿ ಚೀಲವೇನ್ರಿ? ಮ್ಯಾಲೆ ಹೆಸರು ಬರೆದು, ಬಾಯಿ ಹೊಲಿದು, ರೇಟು ಬರಲಿ ಅಂತ ಇಟ್ಕೊಂಡು ಕುಂತೀರಲ್ಲ!"

"ಅವ್ವಾ," ಎಂದಳು ಮಾಲಾ ಮೆಲ್ಲಗೆ. ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ತಾಯಿಯ ತೋಳು ಹಿಡಿದು ಕಾಂಪೌಂಡಿನ ಗೋಡೆಯ ನೆರಳಿಗೆ ಕರೆದುಕೊಂಡು ಹೋದಳು. ಇಬ್ಬರೂ ಅಲ್ಲೇ ಕುಳಿತರು. ಹೋಗಲಿಲ್ಲ.

"ಕೂರ್ಲಿ," ಎಂದ ವಿನಯ್ ಕುಮಾರ್. "ಬಿಸಿಲು ಏರಿದ ಮೇಲೆ ತಾನೇ ಎದ್ದು ಹೋಗ್ತಾರೆ. ಅತ್ತೆ, ಟೀ ಆಗ್ಲಿ."

ನಿರ್ಮಲಮ್ಮ ಒಲೆಗೆ ನೀರಿಟ್ಟಳು. ಅಡುಗೆಮನೆಯ ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಗಾಳಿಗೆ ಅಂಗಳದ ಧೂಳು ಎದ್ದು ಅವರ ಮುಖಕ್ಕೆ ಬಡಿಯುತ್ತಿತ್ತು. ಅವಳು ಕಿಟಕಿಯ ಹೊರಗಿನ ಚಪ್ಪಡಿಯ ಮೇಲಿದ್ದ ಸ್ಟೀಲ್ ಲೋಟವನ್ನು ತೊಳೆದು, ನೀರು ತುಂಬಿ, ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಮಾಲಾಳ ಮುಂದೆ ಹಿಡಿದಳು.

ಮಾಲಾ ಲೋಟವನ್ನು ನೋಡಿದಳು. ಆಮೇಲೆ ನಿರ್ಮಲಮ್ಮನನ್ನು ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ ಅಮ್ಮಾರೆ," ಎಂದು ಪಕ್ಕದ ಬ್ಯಾಗಿನಿಂದ ತನ್ನ ಬಾಟಲಿ ತೆಗೆದು ತೋರಿಸಿದಳು. "ನೀರು ತಂದೀನಿ."

ಲೋಟದ ಒಂದು ಬದಿ ನೆಗ್ಗಿತ್ತು. ಆ ನೆಗ್ಗು ಯಾವಾಗಿನದು ಎಂಬುದು ನಿರ್ಮಲಮ್ಮನಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗಿ, ಆಟ ಮುಗಿಸಿ ಓಡಿಬಂದು, ಗಟಗಟ ಕುಡಿದು, ಚಪ್ಪಡಿಯ ಮೇಲೆ ಇಡಲು ಹೋಗಿ ಬೀಳಿಸಿದ್ದಳು. ಆವತ್ತು ನಿರ್ಮಲಮ್ಮ ಬೈದಿರಲಿಲ್ಲ. ಬೈಯದೆ ಇದ್ದುದನ್ನು ದೊಡ್ಡ ಗುಣವೆಂದು ತಿಳಿದುಕೊಂಡಿದ್ದಳು. ಲೋಟವನ್ನು ಮಾತ್ರ ಒಳಗೆ ತಂದಿರಲಿಲ್ಲ. ಒಂಬತ್ತು ವರ್ಷ ಅದು ಚಳಿ ಬಿಸಿಲು ಮಳೆಗೆ ಆ ಚಪ್ಪಡಿಯ ಮೇಲೆಯೇ ಇತ್ತು. ಅದನ್ನು ಅಲ್ಲಿಟ್ಟವರು ಕೊಟ್ರಬಸಪ್ಪನೂ ಅಲ್ಲ, ರುದ್ರಮುನಿಯೂ ಅಲ್ಲ. ಅವರಿಗೆ ಇಂಥ ಲೋಟವೊಂದಿದೆ ಎಂಬುದೇ ತಿಳಿಯದು. ಇಟ್ಟದ್ದು ಅವಳ ಕೈ. ದಿನಾ ಬೆಳಿಗ್ಗೆ ಲಿಂಗವನ್ನು ಹಿಡಿಯುವ ಅದೇ ಅಂಗೈ. ನಡುಮನೆಯಲ್ಲಿ ಕುಳಿತ ಮೂವರ ಮೇಲೆ ಅವಳಿಗೆ ಮೂರು ದಿನದಿಂದ ಇದ್ದ ಅಸಹ್ಯ ಈಗ ತಿರುಗಿ, ನಾಲ್ಕನೆಯವಳನ್ನು ಹುಡುಕಿಕೊಂಡು ಬಂತು.

ಅವಳು ಅಡುಗೆಮನೆಗೆ ಹೋಗಿ ಲೋಟದ ನೀರನ್ನು ತಾನೇ ಕುಡಿದಳು. ಮತ್ತೆ ತೊಳೆದಳು. ತಟ್ಟೆಯಲ್ಲಿ ಬೇರೆ ಎರಡರ ಪಕ್ಕದಲ್ಲಿ ಇಟ್ಟು ಮೂರಕ್ಕೂ ಟೀ ಬಸಿದಳು. ನಡುಮನೆಗೆ ಬಂದು ನೆಗ್ಗಿದ ಲೋಟವನ್ನು ಆರಿಸಿ ರುದ್ರಮುನಿಯ ಕೈಗೆ ಕೊಟ್ಟಳು.

ಅವನು ಸೊರ್ ಎಂದು ಹೀರಿ ಕಣ್ಣು ಮುಚ್ಚಿದ. "ಏನು ಹೇಳು ತಾಯಿ, ನಿಮ್ಮನೆ ಟೀ ರುಚಿನೇ ಬೇರೆ. ಕೈಗುಣ ಅದು. ಸಂಸ್ಕಾರ."

"ಇನ್ನೂ ಐತೆ, ಕುಡೀರಿ," ಎಂದಳು ನಿರ್ಮಲಮ್ಮ.

ಮತ್ತೆ ದೇವರ ಕೋಣೆಗೆ ಬಂದು ಮಣೆಯ ಮೇಲೆ ಕುಳಿತಳು. ದೀಪ ಉರಿಯುತ್ತಿತ್ತು. ಫೈಲಿನ ಮುಚ್ಚಳ ಇನ್ನೂ ಬಡಿದುಕೊಳ್ಳುತ್ತಿತ್ತು. ಕರಡಿಗೆ ಸರಿಸಿ, ಅದನ್ನು ಸರಿಯಾಗಿ ಮುಚ್ಚಿಡೋಣ ಎಂದು ತೊಡೆಯ ಮೇಲೆ ಇಟ್ಟುಕೊಂಡಳು. ಮೇಲಿನ ಕಾಗದವೇ ಬಳಗದ ಪತ್ರ. ಓದಬೇಕೆಂದು ಓದಲಿಲ್ಲ. ಕಣ್ಣು ತಾನೇ ಹೋಯಿತು. ಸದರಿ ಆಟಗಾರ್ತಿಯು ಬೇರೆ ತಂಡದ ಜೊತೆ ಒಪ್ಪಂದ ಮಾಡಿಕೊಳ್ಳಲು ನಮ್ಮ ಬಳಗದ ಯಾವ ಆಕ್ಷೇಪಣೆಯೂ ಇರುವುದಿಲ್ಲ. ಕೆಳಗೆ ದುಂಡನೆಯ ಸೀಲು. ಸೀಲಿನ ಪಕ್ಕ ಒಂದು ಖಾಲಿ ಗೆರೆ. ಗೆರೆಯ ಅಡಿಯಲ್ಲಿ: ನಿರ್ಮಲಮ್ಮ ಕೋಂ ಕೊಟ್ರಬಸಪ್ಪ, ಅಧ್ಯಕ್ಷರು.

ಅವಳು ಎರಡು ಸಲ ಓದಿದಳು.

ನೆನಪಾಯಿತು. ನಾಲ್ಕು ವರ್ಷದ ಹಿಂದೆ ರೊಟ್ಟಿ ಬಡಿಯುತ್ತಿದ್ದಾಗ ಗಂಡ ಅಡುಗೆಮನೆಗೇ ಬಂದು ಒಂದು ಕಾಗದ ಹಿಡಿದಿದ್ದ. "ಹೆಂಗಸರ ತಂಡಕ್ಕೆ ಹೆಂಗಸು ಅಧ್ಯಕ್ಷೆ ಇದ್ರೆ ಅನುದಾನ ಲಗೂನ ಬರ್ತೈತೆ. ಇಲ್ಲೊಂದು ಸಹಿ ಹಾಕು, ರೊಟ್ಟಿ ಸೀದೀತು." ಅವಳು ಹಿಟ್ಟಿನ ಕೈ ತೊಳೆದುಕೊಂಡು ಸಹಿ ಹಾಕಿದ್ದಳು, ಹಿಂದಿರುಗಿ ರೊಟ್ಟಿ ತಿರುವಿದ್ದಳು. ಅನುದಾನ ಬಂತೋ ಇಲ್ಲವೋ ಯಾರೂ ಹೇಳಲಿಲ್ಲ. ಆಮೇಲೆ ಅವಳ ಸಹಿ ಬೇಕಾದಾಗಲೆಲ್ಲ ಅವನೇ ಹಾಕಿಕೊಂಡಿರಬೇಕು. ಫೈಲಿನಲ್ಲಿದ್ದ ಹಳೆಯ ಎರಡು ಪತ್ರಗಳಲ್ಲಿ ಅವಳ ಹೆಸರು ಮಂಡಿಯ ಬಿಲ್ಲಿನ ಮೇಲಿನ ಬರಹದಂತೆ ಬಾಲ ಎಳೆದುಕೊಂಡು ಬಲಕ್ಕೆ ಓಡಿತ್ತು. ಹೊರಗೆ ಪುಣೆಯಿಂದ ಬರುವ ಫೋನಿಗೆ ಕಾಯುತ್ತ ಮೂವರು ಗಂಡಸರು, ಜಪಾನು ಅಮೆರಿಕ ಎಲ್ಲ ಸುತ್ತಿ ಬಂದವರು, ತಮ್ಮ ಬಳಗದ ಅಧ್ಯಕ್ಷೆಗೆ ಟೀ ಮಾಡಲು ಹೇಳಿ ಕುಳಿತಿದ್ದರು.

ನಗು ಬರಬೇಕಿತ್ತು. ಬರಲಿಲ್ಲ. ನಿರ್ಮಲಮ್ಮ ಬಸವೇಶ್ವರನ ಪಟದ ಕಡೆ ನೋಡಿದಳು. ಇಂದು ರಾತ್ರಿ ಈ ಮನೆಯಲ್ಲಿ ಆಗುವ ರಂಪ ಅವಳಿಗೆ ಈಗಲೇ ಕೇಳಿಸುತ್ತಿತ್ತು. ತಟ್ಟೆ ತಳ್ಳುವುದು, ಬಾಗಿಲು ಬಡಿಯುವುದು, ತಿಂಗಳುಗಟ್ಟಲೆ ಮಾತು ಬಿಡುವುದು. ಕೇಳಿಸಿದ್ದೆಲ್ಲ ಹಳೆಯದೇ, ಹೊಸದೊಂದೂ ಇರಲಿಲ್ಲ. ಅವನು ಮಾತು ಬಿಟ್ಟ ತಿಂಗಳುಗಳಲ್ಲಿ ಪೂಜೆ ನೆಮ್ಮದಿಯಾಗಿ ಆಗುತ್ತಿದ್ದುದು ನೆನಪಾಯಿತು.

ಗೋಡೆಯ ಕ್ಯಾಲೆಂಡರಿಗೆ ಹಾಲಿನ ಲೆಕ್ಕ ಬರೆಯುವ ಪೆನ್ನನ್ನು ದಾರದಿಂದ ಕಟ್ಟಿತ್ತು. ಎಳೆದಳು. ದಾರ ಜಗುಲಿಯ ತನಕ ಬರಲಿಲ್ಲ. ಹಲ್ಲಿನಿಂದ ಕಡಿದಳು. ಪತ್ರವನ್ನು ಮಣೆಯ ಮೇಲಿಟ್ಟು, ಒಂದೊಂದೇ ಅಕ್ಷರವನ್ನು ಶಾಲೆಯಲ್ಲಿ ಕಲಿತ ಹಾಗೆ ದುಂಡಗೆ ಬರೆದಳು. ಆಮೇಲೆ ಫೈಲನ್ನು ಮುಚ್ಚಿ ಜಗುಲಿಯ ಮೇಲೆ ಮೊದಲಿದ್ದಲ್ಲಿಯೇ ಇಟ್ಟು, ಅರ್ಧಕ್ಕೆ ನಿಂತಿದ್ದ ಪೂಜೆಯನ್ನು ಅವಸರವಿಲ್ಲದೆ ಮುಗಿಸಿದಳು. ಊದುಬತ್ತಿ ಬೆಳಗಿದಳು, ಘಂಟೆ ಬಾರಿಸಿದಳು. ವಿಭೂತಿಯನ್ನು ದೇವರಿಗೆ ಹಚ್ಚಿ, ಬೆರಳಿನಲ್ಲಿ ಉಳಿದದ್ದನ್ನು ಫೈಲಿನ ಮೇಲೆ ಎಳೆದಳು. ಎದ್ದಳು.

ಫೈಲು ಹಿಡಿದು ನಡುಮನೆಯ ನಡುವೆ ಹೋಗುವಾಗ ಕೊಟ್ರಬಸಪ್ಪ ನೋಡಿದ.

"ಏ, ಏನದು ಕೈಯಾಗೆ? ಎಲ್ಲಿಗೆ ಹೊಂಟೆ?"

"ಪೂಜೆ ಆತು," ಎಂದಳು. "ದೇವರ ಮುಂದೆ ಇಟ್ಟಿದ್ದನ್ನ ನಾವೇ ಇಟ್ಕೊಳ್ಳಾಕೆ ಬರಲ್ಲ, ಹಂಚಬೇಕು ಅಂತ ನಿಮ್ಮವ್ವನೇ ಹೇಳ್ತಿದ್ರಲ್ಲ."

"ತಲೆ ಕೆಟ್ಟೈತೇನೇ? ಅದೇನು ಬಾಳೆಹಣ್ಣಾ, ಪ್ರಸಾದ ಹಂಚಾಕೆ?"

"ಇಟ್ಟೋರು ನೀವೇ ಅಲ್ವೇನ್ರಿ?"

ವಿನಯ್ ಕುಮಾರ್ ಎದ್ದುನಿಂತು ಮೊಬೈಲನ್ನು ಅಡ್ಡ ಹಿಡಿದ. "ಅತ್ತೆ, ಅತ್ತೆ, ಅದಕ್ಕೆ ಬೆಲೆನೇ ಇಲ್ಲ. ಅಧ್ಯಕ್ಷರ ಸಹಿ ಆಗಿಲ್ಲ ಅದಕ್ಕೆ."

"ಆಗೈತಪ್ಪ," ಎಂದಳು ನಿರ್ಮಲಮ್ಮ. "ಈಗ ಹಾಕಿ ಬಂದೆ."

ವಿನಯ್ ಕುಮಾರ್ ಮಾವನ ಮುಖ ನೋಡಿದ. ಮಾವ ಬಾಯಿ ತೆರೆದ. ಬಾಯಲ್ಲಿ ಎಲೆಅಡಿಕೆ ತುಂಬಿತ್ತು, ಉಗುಳಲು ಎದ್ದು ಹೋಗಬೇಕಿತ್ತು, ಎದ್ದರೆ ಹೆಂಡತಿಗೆ ದಾರಿ ಬಿಟ್ಟ ಹಾಗಾಗುತ್ತಿತ್ತು. ನಿರ್ಮಲಮ್ಮ ಅವನ ಕುರ್ಚಿಯ ಪಕ್ಕದಲ್ಲೇ ದಾಟಿದಳು. ರುದ್ರಮುನಿ ಎಲ್ಲಿ ನೋಡಬೇಕೆಂದು ತಿಳಿಯದೆ ಲೋಟದ ಒಳಗೆ ನೋಡುತ್ತಿದ್ದ.

ಅವಳು ಮುಂಬಾಗಿಲಿನಿಂದಲೇ ಹೊರಗೆ ಹೋದಳು. ಮಾಲಾ ಎದ್ದು ನಿಂತಳು. ಉಡಚಮ್ಮ ಏನೋ ಹೇಳಲು ಹೊರಟವಳು, ಫೈಲಿನ ಮೇಲಿನ ವಿಭೂತಿಯ ಗೆರೆ ಕಂಡು ಸೊಂಟಕ್ಕೆ ಬಿಗಿದ ಸೆರಗನ್ನು ಸಡಿಲಿಸಿದಳು. ಮಾಲಾ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ನಿರ್ಮಲಮ್ಮ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಗಾಳಿ ಬಂದು ಫೈಲಿನ ಮುಚ್ಚಳ ಎಬ್ಬಿಸಲು ನೋಡಿತು. ಮಾಲಾ ಆಟದಲ್ಲಿ ಉಳುಕಿ ಪಟ್ಟಿ ಸುತ್ತಿದ್ದ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಳು.